ಎಂಜಿನ್ ತಿರುಗಿಸಲು ಮಕ್ಕಳನ್ನೂ ಕರೆಯಿರಿ

ಮಕ್ಕಳೇ, ಬಾದನಹಟ್ಟಿಯಲ್ಲಿ ಬಂಡಿಗೆ ಮೂಟೆ ಹೇರುವುದನ್ನು ನೋಡಿದ್ದೀರಾ? ಭಾರ ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ಅಚ್ಚಿನ ಮೇಲೆ ಸರಿಯಾಗಿ ಕೂತರೆ ಬಂಡಿ ಹಗುರ.

ರೈಲಿನ ಟರ್ನ್‌ಟೇಬಲ್ ಕೂಡ ಹೀಗೆಯೇ. ಹಿಮ್ಮುಖವಾಗಿ ಓಡುವಾಗ ಉಗಿ ಎಂಜಿನ್ನಿನ ಚಾಲಕನಿಗೆ ದಾರಿ ಸರಿಯಾಗಿ ಕಾಣದು. ಆದ್ದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ನನ್ನು ತಿರುಗಿಸಬೇಕು. ದುಂಡನೆಯ ಗುಂಡಿ, ಬೀಸುವ ಕಲ್ಲಿಗಿರುವಂತೆ ನಡುವೆ ಗೂಟ, ಅದರ ಮೇಲೆ ಹಳಿ ಹೊತ್ತ ಉಕ್ಕಿನ ತೊಲೆ. ಎಂಜಿನ್ನಿನ ಗುರುತ್ವ ಕೇಂದ್ರವನ್ನು ಗೂಟದ ನೇರಕ್ಕೆ ತಂದು ನಿಲ್ಲಿಸಿದರೆ, ಹತ್ತಾರು ಟನ್ ಭಾರವನ್ನು ಕೆಲವೇ ಜನ ಕೈಯಿಂದ ತಳ್ಳಿ ತಿರುಗಿಸಬಹುದು! ಎರಡೂ ಕಡೆ ಓಡುವ ಡೀಸೆಲ್ ಎಂಜಿನ್ ಬಂದ ಮೇಲೆ ಎಷ್ಟೋ ಟರ್ನ್‌ಟೇಬಲ್‌ಗಳು ಗುಜರಿ ಸೇರಿದವು.

ವೇಲ್ಸ್‌ನ ತಾಲಿಲಿನ್ ಎಂಬ ಪುಟ್ಟ ರೈಲನ್ನು 1951ರಿಂದ ಸ್ವಯಂಸೇವಕರೇ ಉಳಿಸಿಕೊಂಡು ಬಂದಿದ್ದಾರೆ. ನಮ್ಮಲ್ಲಿ 1913ರಲ್ಲಿ ಬಂಗಾರಪೇಟೆ–ಕೋಲಾರ ನಡುವೆ ಶುರುವಾದ 762 ಮಿಲಿಮೀಟರ್‌ನ ನ್ಯಾರೋಗೇಜ್ ಹಳಿ, ಮುಂದೆ 1676 ಮಿಲಿಮೀಟರ್‌ನ ಬ್ರಾಡ್‌ಗೇಜ್ ಆಯಿತು. ಜನರಿಗೆ ಅದು ಬೇಕಾಗಿತ್ತು, ತಪ್ಪಲ್ಲ. ಆದರೆ ಒಂದೆರಡು ಕಿಲೋಮೀಟರ್ ಹಳೆಯ ಹಳಿಯನ್ನಾದರೂ ಉಳಿಸಬಹುದಿತ್ತು.

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಹಳೆಯ ಎಂಜಿನ್‌ಗಳನ್ನು ಕಾಪಾಡುತ್ತಿದೆ, ಸಂತೋಷ. ಆದರೆ ನಿಂತ ಎಂಜಿನ್ ನೋಡಿದರೆ ಸಮತೋಲ ಕೈಗೆ ತಿಳಿಯುವುದಿಲ್ಲ. ನಿವೃತ್ತ ರೈಲ್ವೆ ನೌಕರರೂ ಐಟಿಐ ಹುಡುಗರೂ ಸೇರಿ ಕೋಲಾರದ ಕಡೆ ಒಂದು ಚಿಕ್ಕ ಟರ್ನ್‌ಟೇಬಲ್ ಕಟ್ಟಲಿ. ತಳ್ಳಲು ನಮ್ಮ ಶಾಲೆಗಳ ಮಕ್ಕಳನ್ನು ಕರೆಯಲಿ.