ಹೊಸ ಫಿಲ್ಟರ್ ಹಾಕಿದ ಗಾಡಿ ಏಕೆ ನಿಲ್ಲುತ್ತದೆ?

ಮಳೆಗಾಲದಲ್ಲಿ ಎರಡು ದಿನ ಬಿಸಿಲು ಬಿತ್ತೆಂದರೆ ಅಡಿಕೆ ಕೃಷಿಕನಿಗೆ ಬೇರೆ ಯೋಚನೆಯಿಲ್ಲ, ಮದ್ದು ಬಿಡಬೇಕು. ಮರ ಹತ್ತುವವರು ಬಂದು ನಿಂತ ಹೊತ್ತಿಗೆ ಡ್ರಮ್ಮು, ಸುಣ್ಣ ಹೊರುವ ಗಾಡಿ ಸ್ಟಾರ್ಟ್ ಆಗದಿದ್ದರೆ ನಷ್ಟ ಒಂದು ದಿನದ ಕೂಲಿಯದು ಮಾತ್ರವಲ್ಲ, ಕೊಳೆರೋಗಕ್ಕೆ ದಾರಿ ಬಿಟ್ಟಂತೆಯೂ ಆಗುತ್ತದೆ. ಹಿಂದಿನ ದಿನವಷ್ಟೇ ಹೊಸ ಡೀಸೆಲ್ ಫಿಲ್ಟರ್ ಹಾಕಿಸಿಕೊಂಡ ಗಾಡಿಯೇ ಹೀಗೆ ನಿಲ್ಲುವುದುಂಟು.

ಕಾರಣ ಸರಳ. ಡೀಸೆಲ್ ಇಂಜಿನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಒತ್ತಿ ಬಿಸಿಯಾದ ಗಾಳಿಗೆ ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಸಿಡಿಸಬೇಕು. ಖಾಲಿ ಫಿಲ್ಟರಿನ ಗಾಳಿ ಪೈಪಿನಲ್ಲಿ ಸೇರಿದರೆ ಪಂಪು ಆ ಗಾಳಿಯನ್ನೇ ಅಮುಕುತ್ತಿರುತ್ತದೆ, ಒತ್ತಡ ಏರುವುದಿಲ್ಲ. ಆಗ ಸೆಲ್ಫ್ ಹೊಡೆದಷ್ಟೂ ಬ್ಯಾಟರಿ ಇಳಿಯುತ್ತದೆ, ಸ್ಟಾರ್ಟರ್ ಸುಡುತ್ತದೆ. ಗಾಡಿ ತಳ್ಳಿಯೂ ಪ್ರಯೋಜನವಿಲ್ಲ.

ಮೊದಲು ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಫಿಲ್ಟರಿನ ಬಾಣದ ಗುರುತು ಸರಿ ದಿಕ್ಕಿಗಿದೆಯೇ ಎಂದು ನೋಡಬೇಕು. ಹಳೆಯ ರಬ್ಬರ್ ವಾಷರ್ ಮೇಲಿನ ತಲೆಗೆ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತಿದ್ದರೆ ಗಾಳಿ ಒಳನುಗ್ಗುತ್ತದೆ. ಹೀರುವ ಕಡೆಯ ಸೋರಿಕೆಯಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಇರಬಹುದು. ನೆಲ ಒಣಗಿದೆಯೆಂದು ನಂಬಬಾರದು. ಅನಂತರ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಸ್ಕ್ರೂ ಬಿಗಿ ಮಾಡಬೇಕು. ಸೆಲ್ಫ್ ಹತ್ತು ಹದಿನೈದು ಸೆಕೆಂಡು ಸಾಕು. ಮತ್ತೆ ಒಂದು ನಿಮಿಷ ಬಿಡುವು.

ಒಂದು ಎಚ್ಚರಿಕೆ. ಹಳೆಯ ಜೀಪಿನಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆಯುವ ರೂಢಿಯನ್ನು ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಮಾಡಲೇಬಾರದು. ಅಲ್ಲಿಯ ಒತ್ತಡ ಸಾವಿರ ಬಾರ್ ಮೀರುತ್ತದೆ; ಡೀಸೆಲ್ಲಿನ ಎಳೆ ಚರ್ಮವನ್ನೇ ತೂರಬಲ್ಲುದು. ಅಂಥ ಗಾಡಿಗೆ ಕೈಪುಸ್ತಕದಲ್ಲಿ ಹೇಳಿದ ಕ್ರಮವೇ ಗತಿ.

ಇದನ್ನೆಲ್ಲ ಮೆಕ್ಯಾನಿಕ್ ನೋಡಿಕೊಳ್ಳಲಿ ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿ, ಕತ್ತಿಯ ಅಲಗು ಅದ್ದಿ ತಾಮ್ರದ ಬಣ್ಣ ಹಿಡಿಯಿತೇ ಎಂದು ಪರೀಕ್ಷಿಸಲು ನಾವು ಯಾವ ತಜ್ಞನನ್ನೂ ಕರೆಯುವುದಿಲ್ಲ. ಕೈಪಂಪು ಒತ್ತುವುದು ಅದಕ್ಕಿಂತ ಕಷ್ಟವೇ? ಹೂಡೆಯ ಕಡಲ ಬದಿಯಿಂದ ಕಾರ್ಕಳ, ಹೆಬ್ರಿಯ ಒಳತೋಟಗಳವರೆಗೆ ಮಳೆಯಲ್ಲಿ ಮೆಕ್ಯಾನಿಕ್ ಬರುವುದನ್ನು ಕಾಯುತ್ತ ಕೂರುವ ಕಷ್ಟ ಒಂದೇ.

ಆದುದರಿಂದ ನನ್ನ ಸಲಹೆ ಎರಡು. ಫಿಲ್ಟರ್ ಬದಲಾವಣೆ ಮೇ ತಿಂಗಳಲ್ಲೇ ಮುಗಿಯಲಿ. ಬದಲಿಸಿದ ದಿನವೇ ಗಾಡಿಯನ್ನು ನಾಲ್ಕೈದು ಮೈಲು ಓಡಿಸಿ ನೋಡಿ. ಎರಡನೆಯದಾಗಿ, ಮಳೆಗೆ ಮುಂಚೆ ಸಂಘದ ಅಂಗಳದಲ್ಲಿ ಒಂದು ದಿನದ ಪ್ರಾತ್ಯಕ್ಷಿಕೆ ನಡೆಯಲಿ; ಚಾಲಕರ ಜತೆಗೆ ಮನೆಯ ಹೆಣ್ಣುಮಕ್ಕಳೂ ಕಲಿಯಲಿ. ಸದಸ್ಯ ಬಾಂಧವರು ಮುಂದಿನ ಸಭೆಯಲ್ಲಿ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.