ಹಿತ್ತಿಲಿಗೆ ಸಿಮೆಂಟು ಹಾಕಿಸುವ ಮುನ್ನ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಮನೆ ಕಟ್ಟುತ್ತಿರುವವರಲ್ಲಿ, ಕಟ್ಟಿಕೊಂಡವರಲ್ಲಿ ನನ್ನದೊಂದು ಕೋರಿಕೆ. ಮನೆಯ ಹಿಂದಿನ ಜಾಗಕ್ಕೆ ಪೂರ್ತಿಯಾಗಿ ಸಿಮೆಂಟು ಹಾಕಿಸಬೇಡಿ. ಎರಡು ಮರ, ನಾಲ್ಕು ಗಿಡಕ್ಕೆ ಸಾಕಾಗುವಷ್ಟು ಮಣ್ಣು ಉಳಿಸಿ. ಹಕ್ಕಿ, ಅಳಿಲುಗಳನ್ನು ನೋಡಿ ಸಂತೋಷಪಡುವವರು ನಮ್ಮಲ್ಲಿ ಕಡಿಮೆಯಿಲ್ಲ. ತಾರಸಿಯ ಮೇಲೆ ಅಕ್ಕಿ ಚೆಲ್ಲುತ್ತಾರೆ, ಪೇಟೆಯಿಂದ ಗೂಡು ತಂದು ನೇತುಹಾಕುತ್ತಾರೆ, ಕೆಲವರು ಗಿಳಿಯನ್ನು ಪಂಜರದಲ್ಲಿಟ್ಟು ಮಾತು ಕಲಿಸುತ್ತಾರೆ. ಆ ಪ್ರೀತಿ ನಿಜವಾದದ್ದೇ. ಆದರೆ ಪ್ರೀತಿ ತೋರುವ ದಾರಿ ತಪ್ಪಿದೆ ಎಂಬುದು ನನ್ನ ವಾದ. ಹಿತ್ತಿಲು ತಾನೇ ಹಕ್ಕಿಯನ್ನು ಸಾಕುವಂತಿದ್ದರೆ ನಾವು ಸಾಕಬೇಕಾಗಿಲ್ಲ.

ನಮ್ಮ ಸೀಮೆಯ ಅಳಿಲುಗಳನ್ನೇ ನೋಡಿ. ಬಿಳಿಗಿರಿರಂಗನ ಬೆಟ್ಟದ ದಟ್ಟ ಕಾಡಿನಲ್ಲಿ ಕೆಂಪು ಮೈಯ, ಉದ್ದ ಬಾಲದ ಕೆಂದಳಿಲು ಇದೆ. ಕಾವೇರಿ ದಂಡೆಯ ಹೊಳೆಮತ್ತಿ ಮರಗಳಲ್ಲಿ ಬೂದು ಬಣ್ಣದ ಬೆಟ್ಟಳಿಲು ಇದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಪ್ರಾಣಿ ಅದು. ಇವೆರಡೂ ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗಿರುವ ಕಡೆ ಮಾತ್ರ ಅವುಗಳ ಬದುಕು ಸಾಗುತ್ತದೆ. ಅವುಗಳಿಗೆ ಕಾವಲೂ ಇದೆ: ಕಾವೇರಿ ವನ್ಯಧಾಮ ಘೋಷಣೆಯಾದದ್ದು 1987ರಲ್ಲಿ, ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ, ಮಲೆ ಮಹದೇಶ್ವರ ವನ್ಯಧಾಮವಾದದ್ದು 2013ರಲ್ಲಿ. ಮೂರನೆಯದು ಬೆನ್ನ ಮೇಲೆ ಮೂರು ಗೆರೆಯ, ನಮ್ಮ ಗೋಡೆಯ ಮೇಲೆ ಓಡಾಡುವ ಪುಟ್ಟ ಅಳಿಲು. ಇದರ ಮನೆ ಯಾವ ವನ್ಯಧಾಮದ ಗಡಿಯೊಳಗೂ ಬರುವುದಿಲ್ಲ. ನಮ್ಮ ತೆಂಗು, ಸೀಬೆ, ನುಗ್ಗೆ ಮರಗಳೇ ಅದರ ಕಾಡು. ಹಕ್ಕಿಗಳ ಮಾತೂ ಹಾಗೆಯೇ. ಬೆಟ್ಟದ ಹಕ್ಕಿಗಳ ಬಗ್ಗೆ ಹೊನ್ನಮೇಟಿ ಕಾಫಿ ತೋಟದ ಆರ್.ಸಿ. ಮಾರಿಸ್ ಅವರ ಕಾಲದಿಂದಲೂ ಬರವಣಿಗೆ ಇದೆ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಓಡಾಡಿದರು. ಆದರೆ ಊರೊಳಗಿನ ಪಿಕಳಾರ, ಸೂರಕ್ಕಿ, ಮಡಿವಾಳ, ಹರಟೆಮಲ್ಲಗಳನ್ನು ಗಮನಿಸಬೇಕಾದವರು ನಾವೇ.

ಕಾಳು ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯೆಂದು ನಾವು ಬಲ್ಲೆವು, ಆದರೆ ಅದು ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ಉಣಿಸುವುದು ಹುಳುಗಳನ್ನು. ಮಣ್ಣಿಲ್ಲದ, ಸೊಪ್ಪಿಲ್ಲದ ಕಡೆ ಹುಳುವಿಲ್ಲ. ಮೂಟೆ ಅಕ್ಕಿ ಚೆಲ್ಲಿದರೂ ಮರಿ ಬೆಳೆಯದು. ಸೂರಕ್ಕಿಗೆ ಹೂವಿನ ರಸ ಬೇಕು, ಕುಟ್ರುಹಕ್ಕಿಗೆ ಹಣ್ಣು ಬೇಕು, ಟುವ್ವಿಗೆ ಹೊಲಿದು ಗೂಡು ಮಾಡಲು ಅಗಲವಾದ ಎಲೆ ಬೇಕು. ಇವು ಯಾವುವೂ ಕಾಳಿನ ತಟ್ಟೆಯ ಹತ್ತಿರ ಸುಳಿಯುವುದಿಲ್ಲ. ಅಲ್ಲಿಗೆ ಹಿಂಡು ಹಿಂಡಾಗಿ ಬರುವುದು ಪಾರಿವಾಳ, ಅದರ ಸಂಖ್ಯೆ ದೇಶದಲ್ಲೆಲ್ಲ ಈಗಾಗಲೇ ಏರುತ್ತಿದೆ. ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಹಕ್ಕಿಗಳಿಗೂ ಅಳಿಲುಗಳಿಗೂ ಅಳಿಲಿನ ಸಂಬಂಧಿಯಾದ ಚಿಪ್‌ಮಂಕ್‌ಗಳಿಗೂ ಕಾಳು ಇಡುವ ರೂಢಿ ದೊಡ್ಡದಾಗಿ ಬೆಳೆದಿದೆ. ಅಲ್ಲಿನ ಚಳಿಗಾಲ ಬೇರೆ. ಅಂಥ ರೂಢಿಯಿರುವ ಬ್ರಿಟನ್ನಿನಲ್ಲೂ 2005ರಿಂದ ಒಂದು ಗಂಟಲುರೋಗ ಹಕ್ಕಿಗಳು ಗುಂಪುಗೂಡುವ ತಟ್ಟೆಗಳಲ್ಲಿ ಹರಡಿ, ಗ್ರೀನ್‌ಫಿಂಚ್ ಎಂಬ ಸಾಮಾನ್ಯ ಹಕ್ಕಿ ವಿಪರೀತ ಕಡಿಮೆಯಾಯಿತು. ವರ್ಷವಿಡೀ ಒಂದಲ್ಲ ಒಂದು ಗಿಡ ಹೂವೋ ಹಣ್ಣೋ ಬಿಡುವ ನಮ್ಮ ಸೀಮೆಗೆ ಆ ರೂಢಿ ಏಕೆ ಬೇಕು? ಒಂದು ಕರಿಬೇವಿನ ಮರ ಹಣ್ಣಾದಾಗ ಪಿಕಳಾರವೂ ಕೋಗಿಲೆಯೂ ಕರೆಯದೆಯೇ ಬರುತ್ತವೆ. ಗಸಗಸೆ ಹಣ್ಣಿನ ಮರ ಎರಡೇ ವರ್ಷದಲ್ಲಿ ನೆರಳು ಕೊಡುತ್ತದೆ, ಅಳಿಲಿಗೂ ಮಕ್ಕಳಿಗೂ ಹಣ್ಣು ಕೊಡುತ್ತದೆ. ಬೇಸಿಗೆಯಲ್ಲಿ ನೀರಿಡುವುದು ಮಾತ್ರ ಒಳ್ಳೆಯ ಕೆಲಸ, ಅದನ್ನು ಬಿಡಬೇಡಿ. ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ತಟ್ಟೆಯಾಗಿರಲಿ. ದಿನವೂ ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬಿಸಿದರೆ ಸೊಳ್ಳೆಯ ಭಯವಿಲ್ಲ, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರವಾದರೂ ಬೇಕು.

ಗಿಡ ಬೆಳೆಸಿದರೆ ಹಾವು ಬರುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಹಾವು ಬರುವುದು ಇಲಿಯ ಬೆನ್ನು ಹತ್ತಿ. ಇಲಿ ಸೇರುವುದು ಗೋಡೆಗೆ ಒರಗಿಸಿಟ್ಟ ಸೌದೆ, ಇಟ್ಟಿಗೆ, ಕಸದ ರಾಶಿಯಲ್ಲಿ. ರಾಶಿ ತೆಗೆಯಿರಿ, ಮರ ಉಳಿಸಿ. ಅಳಿಲು ಸೀಬೆಕಾಯಿ ಕಡಿಯುತ್ತದೆ, ಎಳನೀರಿಗೆ ಹಲ್ಲು ಹಾಕುತ್ತದೆ ಎಂಬ ದೂರೂ ನಿಜ. ನಿಮಗೆ ಬೇಕಾದ ಹಣ್ಣಿಗೆ ಬಟ್ಟೆಯ ಚೀಲ ಕಟ್ಟಿ, ಉಳಿದದ್ದನ್ನು ಬಿಡಿ. ಇದಕ್ಕಿಂತ ಭಾರವಾದ ಪ್ರಶ್ನೆ ಹನೂರಿನ ಕಾಡಂಚಿನ ರೈತನದು: ಆನೆ, ಹಂದಿ ಬೆಳೆ ತುಳಿದು ಹೋಗುವಾಗ ನನಗೆ ಗುಬ್ಬಚ್ಚಿಯ ಮಾತು ಹೇಳುತ್ತೀರಾ? ಅವನ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಪರಿಹಾರ ಕೊಡಬೇಕಾದದ್ದು ಸರ್ಕಾರ. ಆದರೆ ಸಿಟ್ಟು ವಿಷಕ್ಕೆ ಕೈ ಚಾಚಿದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಕಂಡೆವು: ವಿಷ ಬೆರೆತ ಹಸುವಿನ ಮಾಂಸ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವು. ಮನೆಯ ಮೂಲೆಯಲ್ಲಿ ಇಡುವ ಇಲಿ ಪಾಷಾಣವೂ ಅಷ್ಟೇ. ಆ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು, ಇಲಿ ಹಿಡಿಯುವುದರಲ್ಲಿ ಗೂಬೆಗಿಂತ ನುರಿತವರು ನಮ್ಮಲ್ಲಿಲ್ಲ. ವಿಷವಿಲ್ಲದೆ ಬದುಕಲಾಗದು ಎನ್ನುವವರಿಗೆ ಕೊಳ್ಳೇಗಾಲದ ರೇಷ್ಮೆ ಬೆಳೆಗಾರರೇ ಉತ್ತರ. ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ತೂರಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೂ ಹುಳು ಸಾಯುತ್ತದೆಂದು ಬಲ್ಲವರು ಅವರು. ಆ ಎಚ್ಚರವನ್ನು ಹಿತ್ತಿಲಿನವರೆಗೆ ತನ್ನಿ ಎಂದಷ್ಟೇ ಕೇಳುತ್ತಿದ್ದೇನೆ.

ಈಗಲೇ ಏಕೆ ಅಂದರೆ, ನಮ್ಮಲ್ಲಿ ಈ ಹಕ್ಕಿ, ಅಳಿಲುಗಳು ಇನ್ನೂ ಉಳಿದಿವೆ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಚ್ಚಿ ಒಟ್ಟು ದೇಶದಲ್ಲಿ ಸ್ಥಿರವಾಗಿದೆ, ಬೆಂಗಳೂರು, ಚೆನ್ನೈಯಂಥ ಮಹಾನಗರಗಳಲ್ಲಿ ಇಳಿಯುತ್ತಿದೆ. ಹೆಂಚಿನ ಸಂದಿ, ಹಿತ್ತಿಲಿನ ಮಣ್ಣು ಇರುವ ಸಣ್ಣ ಊರುಗಳಲ್ಲಿ ಇಂಥ ಹಕ್ಕಿಗಳನ್ನು ಉಳಿಸಿಕೊಳ್ಳುವ ಅವಕಾಶ ಇನ್ನೂ ಇದೆ. ಆ ವರದಿ ಹುಟ್ಟಿದ್ದು ಸಾಮಾನ್ಯ ಜನ ಬರೆದಿಟ್ಟ ಲೆಕ್ಕಗಳಿಂದ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದೆಡೆ ಕೂತು ಕಂಡದ್ದನ್ನು ಬರೆದರಾಯಿತು. ನಮ್ಮ ಮೂರು ತಾಲ್ಲೂಕುಗಳ ಮೇಷ್ಟ್ರುಗಳು, ಟೀಚರುಗಳು ಶಾಲೆಯ ಅಂಗಳದಲ್ಲೇ ಮಕ್ಕಳಿಂದ ಇದನ್ನು ಮಾಡಿಸಲಿ. ಪಂಜರದ ಗಿಳಿಯಿರುವ ಮನೆಯವರು ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು ತಿಳಿಯಲಿ. ಹಾರುವುದನ್ನೇ ಮರೆತ ಗಿಳಿಯನ್ನು ಒಮ್ಮೆಲೇ ಹೊರಗೆ ಬಿಡದೆ ಅರಣ್ಯ ಇಲಾಖೆಗೆ ಒಪ್ಪಿಸಲಿ. ಮನೆ ಕಟ್ಟಿಸುತ್ತಿರುವವರು ನೆಲಕ್ಕೆ ಕಾಂಕ್ರೀಟ್ ಹಾಕುವ ದಿನಕ್ಕೆ ಮೊದಲೇ ಮೇಸ್ತ್ರಿಗೆ ಜಾಗ ಗುರುತಿಸಿ ಕೊಡಲಿ. ಮುಂಗಾರಿಗೆ ಮುಂಚೆ ಗುಂಡಿ ತೋಡಿಟ್ಟರೆ ಮಳೆ ಬಿದ್ದೊಡನೆ ನೆಡಬಹುದು, ಸಸಿಗಳು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.