ಪಾಸ್ ಸಿಕ್ಕಿತು, ಕೊಳ್ಳುವವರು ಸಿಗಲಿಲ್ಲ



2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂತು. ದೇಶಾದ್ಯಂತ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ನಮ್ಮ ಸಂಘದ ಹಬ್ಬದ ಕಾರ್ಯಕ್ರಮ ನಿಂತಿತು. ಅದನ್ನು ಮುಂದಿನ ವರ್ಷ ಮಾಡಬಹುದಿತ್ತು. ಹಬ್ಬಕ್ಕೆಂದು ಹೊಸೂರು, ಧರ್ಮಪುರಿ ಕಡೆ ಬೆಳೆದಿದ್ದ ಹೂವಿಗೆ ಮುಂದಿನ ವರ್ಷ ಎಂಬುದಿರಲಿಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಮುಚ್ಚಿತ್ತು, ದೇವಸ್ಥಾನಗಳು ಮುಚ್ಚಿದ್ದವು, ಮದುವೆಗಳು ಮುಂದಕ್ಕೆ ಹೋದವು. ಗುಲಾಬಿ ಬೆಳೆದವರು ಬಿಡಿಸಿ ಬಿಡಿಸಿ ತಿಪ್ಪೆಗೆ ಸುರಿದರು. ಬಿಡಿಸದೆ ಬಿಟ್ಟರೆ ಗಿಡ ಕೆಡುತ್ತದೆ. ಎಸೆಯುವ ಹೂವಿಗೂ ಕೂಲಿ ಕೊಡಬೇಕಾದ ಕಾಲ ಅದು.

ಇದಕ್ಕೆಲ್ಲ "ಗಾಡಿ ಬಿಡಲಿಲ್ಲ" ಎಂಬ ಒಂದೇ ಕಾರಣ ಹೇಳುವುದು ರೂಢಿಯಾಗಿದೆ. ಗುಮಾಸ್ತನಾಗಿದ್ದ ನನಗೆ ಆದೇಶಗಳನ್ನು ತಾರೀಖು ಸಮೇತ ಓದುವ ಚಟ. ಮಾರ್ಚ್ 24ರ ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲಿ ಹಾಲು, ಹಣ್ಣು, ತರಕಾರಿಗೆ ವಿನಾಯಿತಿ ಇತ್ತು, ಆದರೆ ಸಾಗಣೆ ಅಗತ್ಯ ವಸ್ತುಗಳಿಗೆ ಮಾತ್ರ. ಅಗತ್ಯ, ಅನಗತ್ಯ ಎಂಬ ಭೇದವಿಲ್ಲದೆ ಎಲ್ಲ ಸರಕೂ ಸಾಗಬಹುದು ಎಂಬ ಸ್ಪಷ್ಟನೆ 29ಕ್ಕೆ ಬಂತು. ಲಾರಿ ಖಾಲಿಯಾಗಿ ವಾಪಸ್ ಬರಬಹುದು, ಹೆದ್ದಾರಿಯ ಢಾಬಾ, ಲಾರಿ ರಿಪೇರಿ ಅಂಗಡಿ ತೆರೆಯಬಹುದು ಎಂದೆಲ್ಲ ವಿವರವಾಗಿ ಬರೆದದ್ದು ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ. ಐದು ದಿನದಲ್ಲಿ ಸ್ಪಷ್ಟನೆ ಬಂದ ಫೈಲನ್ನು ನನ್ನ ಸರ್ವೀಸಿನಲ್ಲಿ ನಾನು ಹೆಚ್ಚು ಕಂಡಿಲ್ಲ. ಕಚೇರಿ ಲೆಕ್ಕದಲ್ಲಿ ಅದು ಬೇಗವೇ. ಬಿಡಿಸಿದ ಹೂವಿನ ಲೆಕ್ಕದಲ್ಲಿ ಅಲ್ಲ.

ಹಾಗಾದರೆ ಲಾರಿ ಓಡಲು ಶುರುವಾದ ಮೇಲೂ ಟೊಮೆಟೊ ಬೆಳೆದವರ ಕಷ್ಟ ಏಕೆ ತೀರಲಿಲ್ಲ? ನನ್ನ ಪ್ರಕಾರ ಸರಪಳಿ ತುಂಡಾದದ್ದು ರಸ್ತೆಯಲ್ಲಿ ಅಷ್ಟಾಗಿ ಅಲ್ಲ, ಕೊಳ್ಳುವವರ ತುದಿಯಲ್ಲಿ. ಪಾಲಕೋಡು ಮಂಡಿಯಿಂದ ಹೋಗುವ ಟೊಮೆಟೊ ಎಲ್ಲವೂ ಮನೆಗಳಿಗೆ ಹೋಗುವುದಿಲ್ಲ. ಹೋಟೆಲು, ಮೆಸ್ಸು, ಹಾಸ್ಟೆಲು, ಕಲ್ಯಾಣಮಂಟಪ ಇವು ಪೆಟ್ಟಿಗೆಗಟ್ಟಲೆ ಕೊಳ್ಳುವ ಗಿರಾಕಿಗಳು. ಇವರೆಲ್ಲ ಬಾಗಿಲು ಹಾಕಿದರು. ಮನೆಯವರು ಅರ್ಧ ಕಿಲೋ ಜಾಸ್ತಿ ಕೊಂಡರೆ ಆ ಜಾಗ ತುಂಬುವುದಿಲ್ಲ. ಸೇಲಂ ಸೇರಿ ಹಲವು ಊರುಗಳಲ್ಲಿ ಬಸ್ ನಿಲ್ದಾಣವೇ ತರಕಾರಿ ಮಾರುಕಟ್ಟೆ ಆಯಿತು. ಒಳ್ಳೆಯ ಏರ್ಪಾಡು, ಆದರೆ ಅದು ಚಿಲ್ಲರೆ ವ್ಯಾಪಾರಕ್ಕೆ ಮಾತ್ರ. ಮೇಲಿಂದ ಮೇ 5ಕ್ಕೆ ಚೆನ್ನೈನ ಕೋಯಂಬೇಡು ಮಾರುಕಟ್ಟೆ ಸೋಂಕಿನಿಂದಾಗಿ ಮುಚ್ಚಿತು. ತರಕಾರಿ ತಿರುಮಳಿಸೈಗೆ ಹೋಯಿತು, ಹಣ್ಣು, ಹೂವು ಮಾಧವರಂಗೆ. ಇಡೀ ತಮಿಳುನಾಡಿನ ತರಕಾರಿ ಲಾರಿಗಳು ಒಂದೇ ಮಾರುಕಟ್ಟೆಯನ್ನು ನಂಬಿದ್ದರೆ ಏನಾಗುತ್ತದೆ ಎಂಬುದು ಆಗ ಗೊತ್ತಾಯಿತು. ಅಲ್ಲಿಂದ ವಾಪಸ್ ಬಂದ ಡ್ರೈವರ್‌ಗಳನ್ನು ಊರವರು ನೋಡಿದ ರೀತಿ ಬೇರೆಯೇ ಕಥೆ. ನಮಗೆ ಊಟ ತಂದವರನ್ನು ಹಾಗೆ ನೋಡಬಾರದಿತ್ತು.

ಎಲ್ಲ ಬೆಳೆಗೂ ಏಟು ಒಂದೇ ಸಮ ಬೀಳಲಿಲ್ಲ. ಮರಗೆಣಸನ್ನೇ ನೋಡಿ. (ಇಲ್ಲಿ ಮರವಳ್ಳಿ ಎಂದರೆ ಬೇಗ ಅರ್ಥವಾಗುತ್ತದೆ.) ಕಿತ್ತ ಗೆಣಸು ಎರಡು ಮೂರು ದಿನದಲ್ಲಿ ಕೆಡುತ್ತದೆ, ಟೊಮೆಟೊಗಿಂತ ನಾಜೂಕು. ಆದರೆ ಕೀಳದಿದ್ದರೆ ಭೂಮಿಯೇ ಅದಕ್ಕೆ ಗೋದಾಮು. ಹಿಟ್ಟಿನಂಶ ಸ್ವಲ್ಪ ಇಳಿಯಬಹುದು, ಮುಂದಿನ ಬೆಳೆಗೆ ಹೊಲ ಖಾಲಿಯಾಗದು, ಆದರೂ ಬೆಳೆ ಕೈಬಿಟ್ಟು ಹೋಗುವುದಿಲ್ಲ. ಒಮ್ಮೆ ಸಬ್ಬಕ್ಕಿಯಾದರೆ ಮೂಟೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಸೇಲಂನಲ್ಲಿ ಅದಕ್ಕೆ ಸಾಗೋಸರ್ವ್ ಎಂಬ ಸಹಕಾರಿ ಸಂಘವೂ ಇದೆ. ಹಾಲಿನದೂ ಅಷ್ಟೆ. ಟೀ ಅಂಗಡಿ ಮುಚ್ಚಿದರೂ ಹಸು ಎರಡು ಹೊತ್ತು ಕರೆಯುವುದು ನಿಲ್ಲದು. ಉಳಿದದ್ದನ್ನು ಡೇರಿಗಳು ಪುಡಿ ಮಾಡುತ್ತವೆ. ಕರ್ನಾಟಕದಲ್ಲಿ ಸರ್ಕಾರವೇ ಕೆಎಂಎಫ್ ಹಾಲು ಕೊಂಡು ಬಡವರಿಗೆ ಹಂಚಿತು. ಕಾಯಲು ಒಂದು ಜಾಗ, ಮಾರಲು ಎರಡನೇ ದಾರಿ ಇದ್ದವರು ಬದುಕಿಕೊಂಡರು. ಟೊಮೆಟೊಗೆ, ಹೂವಿಗೆ ಎರಡೂ ಇಲ್ಲ.

ಪಾಲಕೋಡಿಗೆ ಟೊಮೆಟೊ ಕಾರ್ಖಾನೆ ಬೇಕೆಂಬುದು ಹಳೆಯ ಬೇಡಿಕೆ. ಬೇಕು, ಸರಿ. ಆದರೆ ಸಾಂಬಾರಿಗೆ ಬೆಳೆಯುವ ಹಣ್ಣು ಬೇರೆ, ಸಾಸಿಗೆ ಬೇಕಾದ ಗಟ್ಟಿ ತಿರುಳಿನ ತಳಿ ಬೇರೆ. ಬೀಜದಿಂದಲೇ ಯೋಚಿಸದೆ ಕಟ್ಟಡ ಕಟ್ಟಿದರೆ ಬೀಗ ಜಡಿಯಬೇಕಾದೀತು.

ಆಮೇಲೆ ತುರ್ತಾದದ್ದು ಮಾವಿನದು. ಮಲಗೋವ, ಸೇಂದೂರ ಹಣ್ಣುಗಳ ಗತಿ ಅರ್ಧ ಮುಗಿದಿತ್ತು. ಮುಂದೆ ತೋತಾಪುರಿ. ನಮ್ಮ ಕಡೆ ಅದಕ್ಕೆ "ಬೆಂಗಳೂರಾ" ಎಂದೇ ಹೆಸರು, ಬೆಂಗಳೂರಿಗೆ ಹೋಗುವುದಕ್ಕಿಂತ ಕೃಷ್ಣಗಿರಿಯ ಪಲ್ಪ್ ಕಾರ್ಖಾನೆಗೆ ಹೋಗುವುದೇ ಹೆಚ್ಚು. ಅಲ್ಲಿಂದ ಡಬ್ಬಿಯಲ್ಲಿ ಹೊರದೇಶಕ್ಕೆ. ಹೊರದೇಶದಲ್ಲೂ ಹೋಟೆಲುಗಳು ಮುಚ್ಚಿದ್ದರೆ ಕಾರ್ಖಾನೆಯವರು ಕಡಿಮೆ ಕೊಳ್ಳುತ್ತಾರೆ, ಕಾರ್ಖಾನೆ ಕೊಳ್ಳದಿದ್ದರೆ ತೋಟ ಗುತ್ತಿಗೆ ಹಿಡಿದವರು ಉಳಿದ ಹಣ ಕೊಡದೆ ತಪ್ಪಿಸಿಕೊಳ್ಳುತ್ತಾರೆ. ಕಾಯಿ ಮರದಲ್ಲಿ ಕಾಯುವುದಿಲ್ಲ. ಗುತ್ತಿಗೆಯ ಮಾತು ಬಾಯಲ್ಲೇ ಆಗಿದ್ದರೆ ಈ ವಾರವೇ ಒಂದು ಕಾಗದದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿಕೊಳ್ಳಿ. ಇದು ಗುಮಾಸ್ತನ ಸಲಹೆ.

ತೋಟವಿರುವ ಸದಸ್ಯರು ಊರು, ತಳಿ, ಅಂದಾಜು ಎಷ್ಟು ಟನ್, ಯಾವಾಗ ಕೊಯ್ಲು ಎಂದು ಕಾರ್ಯದರ್ಶಿಗೆ ಬರೆದು ಕಳುಹಿಸಿ. ಹೊಸೂರು, ಧರ್ಮಪುರಿ, ಸೇಲಂ, ಮೆಟ್ಟೂರಿನಲ್ಲಿ ಪೆಟ್ಟಿಗೆ ಲೆಕ್ಕದಲ್ಲಿ ಕೊಳ್ಳಲು ಒಪ್ಪುವ ಮನೆಗಳವರೂ ತಿಳಿಸಿ. ಪಟ್ಟಿ ಇದೇ ಪುಟದಲ್ಲಿ ಪ್ರತಿ ಶನಿವಾರ ಬರುತ್ತದೆ. ಬೆಲೆ ನೀವು ನೀವೇ ಮಾತಾಡಿಕೊಳ್ಳಿ, ಸಂಘಕ್ಕೆ ಅದರಲ್ಲಿ ಪಾಲಿಲ್ಲ.